ಹೊಟ್ಟೆ ಸೇರಿದ ಮಾದರಿ

ಇನ್ನು ಮುಂದೆ ನಮ್ಮ ಮನೆಯಲ್ಲಿ ಒಂದು ಹನಿ ನೀರೂ ನನ್ನ ಅಪ್ಪಣೆಯಿಲ್ಲದೆ ಮೋರಿಗೆ ಇಳಿಯಕೂಡದು ಎಂದು ಒಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಘೋಷಿಸಿಯೇಬಿಟ್ಟೆ. ಬಾಯಿತುಂಬ ನೊರೆ ಇದ್ದುದರಿಂದ ಘೋಷಣೆ ಯಾರಿಗೂ ಅರ್ಥವಾಗಲಿಲ್ಲ. ಹೆಂಡತಿ ಅಡುಗೆಮನೆಯಿಂದಲೇ, "ಮೊದಲು ಆ ನಲ್ಲಿ ನಿಲ್ಲಿಸಿ, ಆಮೇಲೆ ಮಾತಾಡಿ" ಎಂದಳು. ನೋಡಿದರೆ ನಲ್ಲಿ ನನ್ನ ಮೂಗಿನ ಕೆಳಗೇ ಧಾರಾಕಾರವಾಗಿ ಸುರಿಯುತ್ತಿತ್ತು. ನಿಲ್ಲಿಸಿದೆ. ಮಹತ್ಕಾರ್ಯಗಳೆಲ್ಲ ಹೀಗೆ ಸಣ್ಣದರಿಂದಲೇ ಶುರುವಾಗುವುದು.

ಈ ಹುಚ್ಚು ಹತ್ತಿದ್ದು ನನ್ನ ಕೆಲಸದ ದೆಸೆಯಿಂದ. ನಾನು ಮುದ್ರಣಾಲಯವೊಂದರಲ್ಲಿ ಪ್ರೂಫ್ ನೋಡುವವನು. ಹಿಂದಿನ ವಾರ ನೀರಿನ ಮಿತಬಳಕೆಯ ಮೇಲೊಂದು ಪುಟ್ಟ ಪುಸ್ತಕ ನನ್ನ ಮೇಜಿಗೆ ಬಂದಿತ್ತು. ಅದರಲ್ಲಿ 'ನೀರು ಉಳಿಸಿ' ಎನ್ನಬೇಕಾದ ಕಡೆಯಲ್ಲೆಲ್ಲ 'ನೀರು ಇಳಿಸಿ' ಎಂದು ಬಿದ್ದಿತ್ತು. ಪುಟಪುಟದಲ್ಲೂ 'ಇ' ಹೊಡೆದು 'ಉ' ಬರೆದು, ಹೊಡೆದು ಬರೆದು, ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಆ ಉಪದೇಶ ನನ್ನ ನರನಾಡಿಗಳಿಗೆ ಇಳಿದುಹೋಗಿತ್ತು. ಸಾಮಾನ್ಯವಾಗಿ ನಾನು ಓದುವುದು ಅಕ್ಷರವನ್ನು ಮಾತ್ರ, ಅರ್ಥದ ಗೋಜಿಗೆ ಹೋಗುವವನಲ್ಲ. ಅಂಥವನಿಗೇ ತಟ್ಟಿತೆಂದರೆ ಪುಸ್ತಕದ ಮಹಿಮೆಯನ್ನು ನೀವೇ ಊಹಿಸಿಕೊಳ್ಳಿ.

ತಿಂಡಿ ತಿನ್ನುವಾಗ ಹೆಂಡತಿಗೆ ನನ್ನ ಯೋಜನೆಯನ್ನು ವಿಸ್ತಾರವಾಗಿ ವಿವರಿಸಿದೆ. ಸ್ನಾನಕ್ಕೆ ಒಂದೇ ಬಕೆಟ್ಟು. ತರಕಾರಿ ತೊಳೆದ ನೀರು ಗಿಡಕ್ಕೆ. ಬಟ್ಟೆ ಜಾಲಿಸಿದ ನೀರು ನೆಲ ಒರೆಸುವುದಕ್ಕೆ.

ಅವಳು ಪೂರ್ತಿ ಕೇಳಿಸಿಕೊಂಡು, "ರೀ, ಇದನ್ನೆಲ್ಲ ನಾನು ಈ ಮನೆಗೆ ಬಂದಾಗಿನಿಂದ ಮಾಡ್ತಾನೇ ಇದ್ದೀನಿ" ಎಂದಳು.

"ನಾನು ನೋಡೇ ಇಲ್ಲವಲ್ಲ?"

"ನೋಡೋಕೆ ನೀವು ಅಡುಗೆಮನೆಗೆ ಬರಬೇಕಿತ್ತು."

ನನ್ನ ಉತ್ಸಾಹಕ್ಕೆ ಹೀಗೆ ತಣ್ಣೀರೆರಚಿದವಳು ಬೇರೆ ಯಾರೂ ಅಲ್ಲ, ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಊರಿನ ನೀರೆಲ್ಲ ಬಾಟಲಿಗಳಲ್ಲಿ ಅವಳ ಮೇಜಿಗೆ ಬರುತ್ತದೆ. ಅವಳು 'ಕುಡಿಯಬಹುದು' ಎಂದರೆ ಊರು ಕುಡಿಯುತ್ತದೆ, 'ಬೇಡ' ಎಂದರೆ ಬಿಡುತ್ತದೆ. ಅದೇ ತಿಂಗಳು ಅವಳಿಗೆ ಬಡ್ತಿ ಬಂದು, ವರದಿಗೆ ತಾನೇ ಸಹಿ ಹಾಕುವ ಅಧಿಕಾರವೂ ಸಿಕ್ಕಿತ್ತು. ಇಂಥವಳನ್ನು ಮೀರಿಸದೆ ಬಿಟ್ಟರೆ ನನ್ನ ಗಂಡಸುತನ ಏನಾಗಬೇಕು?

ಅವಳು ಮುಟ್ಟದ ಕ್ಷೇತ್ರವೊಂದು ಉಳಿದಿತ್ತು. ಲೋಟದ ತಳದಲ್ಲಿ, ಚೊಂಬಿನ ತಳದಲ್ಲಿ, ಬಾಟಲಿಯ ತಳದಲ್ಲಿ ಮಿಕ್ಕ ನೀರು! ಅದನ್ನೆಲ್ಲ ಸೇರಿಸಲು ಹಿತ್ತಲ ಬಾಗಿಲ ಬಳಿ ನೀಲಿ ಬಕೆಟ್ಟೊಂದನ್ನು ಪ್ರತಿಷ್ಠಾಪಿಸಿ 'ಉಳಿಕೆ ಬಕೆಟ್' ಎಂದು ಹೆಸರಿಟ್ಟೆ. ಅಡುಗೆಮನೆಯ ಗೋಡೆಗೆ 'ನೀರು ಉಳಿಸಿ' ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ.

ಆಗ ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಮಂಡಿನೋವಿಗೆ ಔಷಧಿ ಮಾಡಿಸಿಕೊಳ್ಳಲು ನಮ್ಮಲ್ಲಿಗೆ ಬಂದಿದ್ದರು. ಅವರು ಯಾವಾಗ ನೀರು ಕೇಳಿದರೂ ಅರ್ಧ ಕುಡಿದು ಅರ್ಧ ಲೋಟ ಹಾಗೇ ಇಡತೊಡಗಿದರು.

"ಯಾಕತ್ತೆ, ನೀರು ಸೇರೋದಿಲ್ವಾ?" ಎಂದೆ.

"ಸೇರುತ್ತಪ್ಪ. ಉಳಿಸಿ ಅಂತ ನೀವೇ ಬರೆದು ಹಾಕಿದ್ದೀರಲ್ಲ ಅಳಿಯಂದ್ರೇ, ಕಷ್ಟಪಟ್ಟು ಉಳಿಸ್ತಾ ಇದ್ದೀನಿ" ಎಂದರು. ಅವರು ತಮಾಷೆ ಮಾಡುತ್ತಿದ್ದರೋ ನಿಜವಾಗಿಯೂ ಹಾಗೆ ತಿಳಿದಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಅರ್ಧ ಲೋಟಗಳನ್ನೂ ಬಕೆಟ್ಟಿಗೆ ಸುರಿದೆ. ಅವರು ಬಿಸಿನೀರಿಗೆ ಉಪ್ಪು ಹಾಕಿ ಕಾಲು ಅದ್ದಿಕೊಂಡು ಕೂರುತ್ತಿದ್ದರಲ್ಲ, ಆ ನೀರನ್ನೂ ಬಿಡಲಿಲ್ಲ. ಪಾತ್ರೆ ತೊಳೆದ ಕೊನೆಯ ನೀರನ್ನೂ ಬಿಡಲಿಲ್ಲ. ನಲ್ಲಿ ಬರುವುದು ದಿನ ಬಿಟ್ಟು ದಿನವಾದ್ದರಿಂದ ಉಳಿದ ಮನೆಗಳವರು ಬರುವ ನೀರನ್ನು ಕಾಯುತ್ತಿದ್ದರು, ನಾನು ಹೋಗುವ ನೀರನ್ನು ಕಾಯುತ್ತಿದ್ದೆ.

ನಮ್ಮ ಬೀದಿಯ ತುದಿಗೆ ಹೊಸದೊಂದು ಮೇಲ್ತೊಟ್ಟಿ ಕಟ್ಟಿ ಮುಗಿದಿತ್ತು. ಎಲ್ಲರೂ ಅದನ್ನು ಟ್ಯಾಂಕ್ ಎಂದೇ ಕರೆಯುತ್ತಿದ್ದರು. ಅದು ತುಂಬಿ ನಿಂತಿತ್ತು. ನೀರಿನ ಪರೀಕ್ಷೆ ಆಗಿ ನನ್ನ ಹೆಂಡತಿ ಸಹಿ ಹಾಕಿದರೆ ಇನ್ನು ದಿನಾ ನಲ್ಲಿ ಬರುತ್ತದೆ ಎಂದು ಬೀದಿಗೆ ಬೀದಿಯೇ ಅವಳನ್ನು ನೋಡಿದಾಗೆಲ್ಲ ನಗುತ್ತಿತ್ತು. ನನಗೂ ಆ ನಗೆಯಲ್ಲಿ ಒಂದು ಪಾಲು ಸಿಗುತ್ತಿತ್ತು.

ಒಂದು ಸಂಜೆ ನಾನು ಮನೆಗೆ ಬಂದಾಗ ಬಾಯಾರಿ ಗಂಟಲು ಒಣಗಿತ್ತು. ಹೆಂಡತಿ ಬಟ್ಟೆ ತರಲು ತಾರಸಿಗೆ ಹೋಗಿದ್ದಳು. ಫ್ರಿಜ್ಜು ತೆರೆದರೆ ಒಂದು ಚೆಂದದ ಗಾಜಿನ ಬಾಟಲಿ, ಒಳಗೆ ಕನ್ನಡಿಯಂಥ ನೀರು. ಕತ್ತಿಗೆ ದಾರದಲ್ಲಿ ಒಂದು ಚೀಟಿ. ಚೀಟಿಯ ಮೇಲೆ ಅವಳ ದುಂಡಗಿನ ಅಕ್ಷರದಲ್ಲಿ 'ಮಾದರಿ' ಎಂದು ಬರೆದಿತ್ತು.

ಕಾಗುಣಿತ ಸರಿಯಾಗಿತ್ತು. ನನ್ನ ವೃತ್ತಿಯ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿಯಿತು. ಆದರೂ ಮನಸ್ಸು ತುಂಬಿ ಬಂತು. ನೋಡಿ, ನನ್ನ ಆಂದೋಲನ ಕೊನೆಗೂ ಅವಳನ್ನು ಮುಟ್ಟಿದೆ, ಬಾಟಲಿ ಎಂದರೆ ಹೀಗಿರಬೇಕು ಎಂದು ಮನೆಮಂದಿಗೆ ತೋರಿಸಲು ಒಂದು ಮಾದರಿ ಬಾಟಲಿ ಇಟ್ಟಿದ್ದಾಳೆ! ಈ ಖುಷಿಯಲ್ಲಿ ಬಾಟಲಿ ಎತ್ತಿ ಗಟಗಟನೆ ತಳ ಕಾಣುವವರೆಗೂ ಕುಡಿದೆ. ಅರ್ಧಕ್ಕೆ ಬಿಡುವುದು ನನ್ನ ತತ್ತ್ವಕ್ಕೆ ವಿರುದ್ಧವಾಗಿತ್ತು.

ಕೊನೆಯ ಗುಟುಕು ಇಳಿಯುವುದಕ್ಕೂ ಅತ್ತೆ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಬಾಟಲಿ ನನ್ನ ಬೆನ್ನ ಹಿಂದೆ ಹೋಯಿತು.

"ಅಳಿಯಂದ್ರೇ, ಫ್ರಿಜ್ಜಲ್ಲಿ ಒಂದು ಬಾಟಲಿ ಇದೆಯಂತೆ. ಅದು ಅವಳ ಆಫೀಸಿಂದು, ಬೆಳಿಗ್ಗೆ ತಗೊಂಡು ಹೋಗ್ಬೇಕು, ಯಾರೂ ಮುಟ್ಟಬಾರದು ಅಂತ ಹೇಳಿ ಹೋದ್ಲು. ನೀವು ಮುಟ್ಟಿಲ್ಲ ತಾನೇ?"

"ಛೆ, ನಾನ್ಯಾಕೆ ಮುಟ್ಟಲಿ ಅತ್ತೆ?"

ಅವರು ನನ್ನನ್ನೇ ನೋಡುತ್ತಿದ್ದುದರಿಂದ ಹಿಮ್ಮುಖವಾಗಿ ನಡೆಯುತ್ತಾ ಹಿತ್ತಲ ಬಾಗಿಲು ಸೇರಿದೆ. ಮಹಾರಾಜರ ಸಭೆಯಿಂದ ಹೊರಬೀಳುವವರೂ ಅಷ್ಟು ವಿನಯದಿಂದ ಹಿಂದೆ ಸರಿದಿರಲಾರರು.

ಹಿತ್ತಲಲ್ಲಿ ಯೋಚಿಸಿದೆ. ಬಾಟಲಿ ತುಂಬಿಸಿಡಬೇಕು, ಸರಿ. ಯಾವ ನೀರಿನಿಂದ? ಆಫೀಸಿನಲ್ಲಿ ಈ ನೀರನ್ನು ಯಾರೂ ಕುಡಿಯುವುದಿಲ್ಲ, ಏನೋ ಪುಡಿ ಹಾಕಿ ನೋಡಿ ಚೆಲ್ಲುತ್ತಾರೆ. ಚೆಲ್ಲುವುದಕ್ಕೆ ಕುಡಿಯುವ ನೀರೇ? ಒಂದು ಬಾಟಲಿ ಶುದ್ಧ ನೀರನ್ನು ಹೀಗೆ ವ್ಯರ್ಥ ಮಾಡಿದರೆ ನಾನು ತಿದ್ದಿದ ಅಷ್ಟೂ 'ಉ'ಗಳು ನನ್ನನ್ನು ಕ್ಷಮಿಸುತ್ತವೆಯೇ? ಪಕ್ಕದಲ್ಲೇ ಉಳಿಕೆ ಬಕೆಟ್ಟಿತ್ತು. ಕೊಳೆಯೆಲ್ಲ ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗಿತ್ತು. ಮಗ್ಗಿನಿಂದ ಮೆಲ್ಲಗೆ ಮೊಗೆದು ತುಂಬಿಸಿದೆ. ಬೆಳಕಿಗೆ ಹಿಡಿದು ನೋಡಿದೆ. ಹೊಳೆಯುತ್ತಿತ್ತು. ಬಾಟಲಿಯನ್ನು ಸ್ವಸ್ಥಾನಕ್ಕೆ ಸೇರಿಸಿ, ಒಂದು ಲೀಟರ್ ಉಳಿಸಿದ ನೆಮ್ಮದಿಯಲ್ಲಿ ಊಟ ಮಾಡಿದೆ.

ಮಾರನೆಯ ಮಧ್ಯಾಹ್ನ ಮುದ್ರಣಾಲಯದಲ್ಲಿ ನಾನು ಊಟದ ಡಬ್ಬಿ ತೊಳೆಯುತ್ತಿದ್ದಾಗ ಹೆಂಡತಿಯ ಫೋನು ಬಂತು. ದನಿ ನಡುಗುತ್ತಿತ್ತು.

"ರೀ, ಹೊಸ ಟ್ಯಾಂಕಿನ ನೀರು ಕೆಟ್ಟುಹೋಗಿದೆ. ನಿನ್ನೆ ನಾನೇ ಕೈಯಾರೆ ಹಿಡಿದ ಮಾದರಿ. ಅಲುಗಾಡಿಸಿದ್ರೆ ನೊರೆ ಬರ್ತಿದೆ, ಉಪ್ಪಿದೆ, ಎಣ್ಣೆ ಪಸೆ ಇದೆ. ಟ್ಯಾಂಕಲ್ಲಿ ಯಾರೋ ಪಾತ್ರೆ ತೊಳೆದು ಕಾಲು ಅದ್ದಿದ ಹಾಗಿದೆ."

ಪತ್ತೆ ಎಷ್ಟು ಕರಾರುವಾಕ್ಕಾಗಿತ್ತೆಂದರೆ ನನ್ನ ಕೈಯಿಂದ ಡಬ್ಬಿ ಜಾರಿತು.

"ಈಗೇನು ಮಾಡ್ತಾರೆ?"

"ಟ್ಯಾಂಕ್ ಪೂರ್ತಿ ಖಾಲಿ ಮಾಡಿಸ್ತಾರೆ. ಇನ್ನು ಸ್ವಲ್ಪ ಹೊತ್ತಲ್ಲೇ. ಮೋರಿಗೆ ಬಿಡಬೇಕಷ್ಟೆ. ಕಟ್ಟಿಸಿದ ಕಂಟ್ರಾಕ್ಟರು ನನ್ನ ಪರೀಕ್ಷೆಯೇ ತಪ್ಪು ಅಂತ ಕೂಗಾಡ್ತಿದ್ದಾರೆ. ನಾನು ಸಹಿ ಹಾಕೋ ಮೊದಲನೇ ವರದಿ ಇದು. ಬೀದಿಯವರ ಮುಖ ಹೇಗೆ ನೋಡ್ಲಿ ಹೇಳಿ?"

ಫೋನು ಇಟ್ಟಳು. ನಾನು ಸುಮ್ಮನಿದ್ದುಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಟ್ಯಾಂಕು ಮತ್ತೆ ತುಂಬುತ್ತದೆ, ನನ್ನ ಮಾನ ತುಂಬಿದಂತೆಯೇ ಇರುತ್ತದೆ. ಈ ಯೋಚನೆ ನನಗೆ ಬಂದದ್ದು ನಿಜ. ಆದರೆ ಲೋಟದ ತಳದ ನೀರಿಗೆ ಜೀವ ಬಿಡುತ್ತಿದ್ದವನು ಇಡೀ ಟ್ಯಾಂಕನ್ನು ಮೋರಿಗೆ ಬಿಡಿಸುವುದೇ? ಅದಕ್ಕಿಂತ ಹೆಚ್ಚಾಗಿ ಆ ನಡುಗುವ ದನಿ ಕಿವಿಯಲ್ಲೇ ಉಳಿದಿತ್ತು. ನನಗೆ ನಾಚಿಕೆಯಾಯಿತು. ಫೋನು ಮಾಡಿದರೆ ಅವಳು ಎತ್ತಲಿಲ್ಲ. ಬಿದ್ದ ಡಬ್ಬಿಯನ್ನು ಎತ್ತಿಕೊಂಡು ಟ್ಯಾಂಕಿನತ್ತ ಓಡಿದೆ.

ಟ್ಯಾಂಕಿನ ಕೆಳಗೆ ಜಾತ್ರೆಯೇ ನೆರೆದಿತ್ತು. ಬೀದಿಯವರೆಲ್ಲ ಸಪ್ಪೆ ಮುಖ ಹೊತ್ತು ನಿಂತಿದ್ದರು. ಕಂಟ್ರಾಕ್ಟರು ಕೈಬೀಸಿ ಮಾತಾಡುತ್ತಿದ್ದರು. ಅವರೆದುರು ನನ್ನ ಹೆಂಡತಿ, ಕಣ್ಣು ಕೆಂಪಾಗಿದ್ದರೂ ಬೆನ್ನು ಸೆಟೆಸಿ ನಿಂತಿದ್ದಳು. ಅವಳ ಮೇಲಧಿಕಾರಿ ಇಂಜಿನಿಯರು ಆಗಷ್ಟೇ ಸನ್ನೆ ಮಾಡಿದ್ದರು. ವಾಲ್ವು ತಿರುಗಿತು. ದಪ್ಪ ಪೈಪಿನ ಬಾಯಿಂದ ನೀರು ಮೋರಿಗೆ ಜಿಗಿಯಿತು.

ನಾನು ಮೊದಲು ಮಾಡಿದ ಕೆಲಸವೆಂದರೆ ಊಟದ ಡಬ್ಬಿಯನ್ನು ಆ ಪೈಪಿನ ಕೆಳಗೆ ಹಿಡಿದದ್ದು. ಅಭ್ಯಾಸಬಲ. ಡಬ್ಬಿ ಕಣ್ಣುಮಿಟುಕಿಸುವಷ್ಟರಲ್ಲಿ ತುಂಬಿ, ಮಿಕ್ಕದ್ದೆಲ್ಲ ನನ್ನ ಮೈಮೇಲೆ ಬಿತ್ತು.

"ನಿಲ್ಲಿಸಿ, ಈ ನೀರು ಚೆನ್ನಾಗಿದೆ" ಎಂದು ಕೂಗಿದೆ.

ಇಂಜಿನಿಯರು ವಾಲ್ವು ನಿಲ್ಲಿಸಲು ಹೇಳಿ, "ಯಾರ್ರೀ ನೀವು?" ಎಂದರು.

ನಾನು ಹೆಂಡತಿಯನ್ನು ನೋಡಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಬೇರೆ ದಾರಿಯಿಲ್ಲದೆ, "ನಮ್ಮ ಮನೆಯವರು ಸಾರ್" ಎಂದಳು.

"ನೀರು ಚೆನ್ನಾಗಿದೆ ಅಂತ ನಿಮಗೆ ಹೇಗೆ ಗೊತ್ತು?"

"ಕುಡಿದಿದ್ದೀನಿ ಸಾರ್. ಇವರ ಬಾಟಲಿಯಲ್ಲಿದ್ದ ಮಾದರಿ ನಾನು ಕುಡಿದುಬಿಟ್ಟೆ. ಆಮೇಲೆ ಅದಕ್ಕೆ ನಮ್ಮ ಮನೆಯ ಉಳಿಕೆ ಬಕೆಟ್ಟಿನ ನೀರು ತುಂಬಿಸಿಟ್ಟೆ. ಇವರು ಪರೀಕ್ಷೆ ಮಾಡಿದ್ದು ಅದನ್ನ. ಪರೀಕ್ಷೆ ಒಂದಿಷ್ಟೂ ತಪ್ಪಿಲ್ಲ ಸಾರ್, ಅದರಲ್ಲಿ ಪಾತ್ರೆ ತೊಳೆದದ್ದೂ ನಿಜ, ನಮ್ಮ ಅತ್ತೆ ಕಾಲು ಅದ್ದಿದ್ದೂ ನಿಜ."

ಕಂಟ್ರಾಕ್ಟರ ಕೈ ಗಾಳಿಯಲ್ಲೇ ನಿಂತಿತು.

"ಬಾಟಲಿ ಪೂರ್ತಿ ಕುಡಿದ್ರಾ?" ಎಂದರು ಇಂಜಿನಿಯರು.

"ಒಂದು ಹನೀನೂ ಚೆಲ್ಲಿಲ್ಲ ಸಾರ್."

ಅವರು ನನ್ನ ಹೊಟ್ಟೆಯನ್ನು ಗಂಭೀರವಾಗಿ ದಿಟ್ಟಿಸಿದರು. "ಹಾಗಾದ್ರೆ ಸದ್ಯಕ್ಕೆ ನಮ್ಮ ಮಾದರಿ ಇರೋದು ಇವರೊಳಗೆ. ಹೊಟ್ಟೆ ಹೇಗಿದೆ?"

"ಇಲ್ಲೀತನಕ ಏನೂ ತೊಂದರೆ ಇಲ್ಲ."

ಮೊದಲು ನಕ್ಕವರು ಕಂಟ್ರಾಕ್ಟರು. ಆಮೇಲೆ ಇಡೀ ಬೀದಿ. ಹೆಂಡತಿ ಮಾತ್ರ ನಗಲಿಲ್ಲ. ಚೀಲದಿಂದ ಇನ್ನೊಂದು ಬಾಟಲಿ ತೆಗೆದು, ನನ್ನ ಕಡೆ ತಿರುಗಿ, "ನೀವು ಆ ಕಂಬದ ಹತ್ತಿರ ನಿಂತ್ಕೊಳ್ಳಿ. ಬಾಯಿ ಆ ಕಡೆ ಇರ್ಲಿ" ಎಂದಳು. ನಿಂತೆ. ಮೈಯಿಂದ ನೀರು ಇಳಿಯುತ್ತಿತ್ತು. ಅಲ್ಲಿ ಯಾವ ಪ್ರೂಫ್ ತಿದ್ದುವವನೂ 'ಇಳಿ'ಯನ್ನು 'ಉಳಿ' ಮಾಡುವಂತಿರಲಿಲ್ಲ.

ಕ್ರಿಮಿಗಳ ಪರೀಕ್ಷೆಗೆ ಒಂದು ದಿನ ಹಿಡಿಯುವುದರಿಂದ ಹೊಸ ಪರೀಕ್ಷೆಯ ಫಲಿತಾಂಶಕ್ಕೆ ಮಾರನೆಯ ದಿನದವರೆಗೆ ಕಾಯಬೇಕಿತ್ತು. ಅಷ್ಟು ಹೊತ್ತು ಬೀದಿಯ ಗಮನವೆಲ್ಲ ನನ್ನ ಹೊಟ್ಟೆಯ ಮೇಲೆ ಹರಿಯಿತು. ಹೋಗುವವರು ಬರುವವರೆಲ್ಲ ಗೇಟಿನಿಂದಲೇ, "ಹೊಟ್ಟೆ ಹೇಗಿದೆ ಸಾರ್?" ಎಂದು ಕೇಳಿ ಹೋದರು. ಇಂಜಿನಿಯರು ಫೋನು ಮಾಡಿ ವಿಚಾರಿಸಿದರು. ಬಚ್ಚಲಿನ ಕಡೆ ಒಂದು ಹೆಜ್ಜೆ ಇಟ್ಟರೆ ಸಾಕು, ಅತ್ತೆ ಮಂಡಿನೋವನ್ನೂ ಮರೆತು ಎದ್ದು ನಿಲ್ಲುತ್ತಿದ್ದರು. "ಕೈಕಾಲು ತೊಳೆಯೋಕೆ ಅತ್ತೆ" ಎಂದು ಸಮಜಾಯಿಷಿ ಕೊಟ್ಟು ಒಳಗೆ ಹೋಗಬೇಕಾಯಿತು. ಹೆಂಡತಿಯಂತೂ ಮಾತು ಬಿಟ್ಟಿದ್ದಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ ಸ್ವಲ್ಪ ಜೋರಾಗಿತ್ತು.

ಮಾರನೆಯ ದಿನ ಫಲಿತಾಂಶ ಬಂತು. ನೀರು ಅಪ್ಪಟ ಶುದ್ಧ. ಹೆಂಡತಿ ಸಹಿ ಹಾಕಿದಳು. ಸಂಜೆ ಮನೆಮನೆಯಲ್ಲೂ ನಲ್ಲಿಗಳು ಬುಸುಗುಟ್ಟಿ, ಕೆಮ್ಮಿ, ನೀರು ಸುರಿಸಿದವು. ಬೀದಿಯವರು ಬಂದು ಅವಳ ಕೈಕುಲುಕಿ, ನನ್ನ ಹೊಟ್ಟೆಯನ್ನೊಮ್ಮೆ ಗೌರವದಿಂದ ನೋಡಿ ಹೋದರು. ಅವಳ ಮುಖದಲ್ಲಿ ನಗು ಮೂಡಿದ್ದನ್ನು ಕಂಡು ನನಗೂ ಹೋದ ಜೀವ ಬಂತು. ಜೀವ ಬಂದ ಕೂಡಲೇ ನಾಲಿಗೆಯೂ ಬಂತು.

"ಏನೇ ಆಗ್ಲಿ, ಇಡೀ ಟ್ಯಾಂಕ್ ನೀರು ಉಳಿಸಿದೆ ನೋಡು" ಎಂದೆ, ಎದೆ ಸ್ವಲ್ಪ ಮುಂದೆ ಮಾಡಿ.

ಅವಳು ಬಹಳ ಹೊತ್ತು ನಕ್ಕಳು. "ಹೌದು ಕಣ್ರೀ. ಇಷ್ಟು ದಿನ ನೀವು ನಲ್ಲಿ ಮುಚ್ಚಿ ಉಳಿಸಿದ್ದಕ್ಕಿಂತ, ಒಂದು ಸಲ ಬಾಯಿ ಬಿಟ್ಟು ಉಳಿಸಿದ್ದೇ ಜಾಸ್ತಿ."

ಹೊಗಳಿಕೆ ಎಂದುಕೊಂಡು ನಾನು ಹಿಗ್ಗುತ್ತಿದ್ದಾಗ ಮೂಲೆಯಲ್ಲಿ ಕಾಲು ಅದ್ದಿಕೊಂಡು ಕೂತಿದ್ದ ಅತ್ತೆ ತಲೆಯೆತ್ತಿದರು.

"ಅದು ಸರಿ ಅಳಿಯಂದ್ರೇ, ಮೊನ್ನೆ ಫ್ರಿಜ್ಜಿನ ಮುಂದೆ ಬಾಯಿ ಬಿಡದೇ ಇದ್ದಿದ್ರೆ, ನಿನ್ನೆ ಬೀದೀಲಿ ಬಾಯಿ ಬಿಡೋ ಕೆಲಸಾನೇ ಇರ್ತಿರಲಿಲ್ಲ ಅಲ್ವಾ?"

ನಾನು ಬಾಯಿ ಮುಚ್ಚಿದೆ.