ಹಿಂದಿನ ಆಕ್ಸಲ್ಲಿಗೆ ನಾನೇ ಆರಿಸಿದ ಗೇರು

ಕಾರಿನ ಹಿಂದಿನ ಆಕ್ಸಲ್ಲಿಗೆ, ಅಂದರೆ ಚಕ್ರಗಳ ಅಚ್ಚಿಗೆ, ಯಾವ ಗೇರು ಹಾಕಬೇಕೆಂಬುದನ್ನು ಈ ಭೂಮಂಡಲದಲ್ಲಿ ಯಾರ ಸಲಹೆಯನ್ನೂ ಕೇಳದೆ ನಾನೇ ನಿರ್ಧರಿಸುತ್ತೇನೆಂದು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದೆ! ಬಾಯಿ ತುಂಬ ನೊರೆಯಿದ್ದುದರಿಂದ ಹೆಂಡತಿಗೆ ಅರ್ಧ ಮಾತ್ರ ಕೇಳಿಸಿತು. ಆ ಅರ್ಧಕ್ಕೇ ಅವಳು ಹಣೆ ಚಚ್ಚಿಕೊಂಡಳು.

ಕಾರು ಮಾವನದು, ಓಡಿಸಲು ನಮಗೆ ಕೊಟ್ಟಿದ್ದರು. ಹಳೆಯದು, ಕೈಯಲ್ಲೇ ಗೇರು ಹಾಕುವಂಥದು, ಎಂಜಿನ್ನು ಮುಂದೆ, ತಳ್ಳುವ ಚಕ್ರ ಹಿಂದೆ. ಸುಮ್ಮನಿರಲಾರದೆ ಅದಕ್ಕೊಂದು ಟರ್ಬೊ, ಎಂಜಿನ್ನಿಗೆ ಗಾಳಿಯೂದಿ ಬಲ ಹೆಚ್ಚಿಸುವ ಯಂತ್ರ, ಹಾಕಿಸಿದೆ. ಅಂದಿನಿಂದ ಅದು ಮೇಲ್ಸೇತುವೆಯ ಏರನ್ನು ಮುಕ್ಕಾಲು ಹತ್ತಿ, ಗಡಗಡ ನಡುಗಿ, ಅಲ್ಲೇ ನಿಂತುಬಿಡುತ್ತಿತ್ತು. ಹಿಂದಿನಿಂದ ಬರುವ ಲಾರಿಯವರು ನನ್ನ ವಂಶವನ್ನೆಲ್ಲ ಸ್ಮರಿಸುತ್ತಿದ್ದರು.

"ಟರ್ಬೊ ಹಾಕಿಸಿ ಗಾಡೀನ ಮೊದಲಿಗಿಂತ ನಿಧಾನ ಮಾಡಿದೋರು ಲೋಕದಲ್ಲಿ ನೀವೊಬ್ಬರೇ ಅಳಿಯಂದ್ರೇ," ಎಂದರು ಮಾವ. "ಭಾನುವಾರ ಬರ್ತೀನಿ. ಏರು ಹತ್ತಿದ್ರೆ ಗಾಡಿ ನಿಮ್ಮಲ್ಲೇ ಇರ್ಲಿ. ಇಲ್ಲಾಂದ್ರೆ ಮಾರಿಬಿಡ್ತೀನಿ."

ಮಾರುವುದೇ! ಆ ಕಾರೆಂದರೆ ನನಗೆ ಪ್ರಾಣ. ನೆಟ್ಟಗೆ ಮೆಕ್ಯಾನಿಕ್ಕನ ಬಳಿಗೆ ಓಡಿದೆ.

"ಹಿಂದಿನ ಆಕ್ಸಲ್ಲಿಗೆ ಎರಡು ಥರ ಗೇರು ಸಿಗುತ್ತೆ ಸಾರ್," ಎಂದ ಆತ. "ಮೂರು ಪಾಯಿಂಟ್ ಒಂದು, ನಾಲ್ಕು ಪಾಯಿಂಟ್ ಒಂದು. ಯಾವುದು ತರಿಸ್ಲಿ?"

"ದೊಡ್ಡದೇ ತರಿಸಪ್ಪ!"

"ದೊಡ್ಡದು ಅಂದ್ರೆ ಸಣ್ಣದು ಸಾರ್."

"ಹಾಂ?"

"ನಂಬರ್ ದೊಡ್ಡದಾದ್ರೆ ಗೇರು ಸಣ್ಣದು. ಎಳೆತ ಜಾಸ್ತಿ, ಓಟ ಕಮ್ಮಿ. ನಂಬರ್ ಸಣ್ಣದಾದ್ರೆ ಗೇರು ದೊಡ್ಡದು. ಟರ್ಬೊ ಇರೋ ಗಾಡಿಗೆ ಕೆಲವರು ದೊಡ್ಡದು ಹಾಕಿಸ್ತಾರೆ."

"ದೊಡ್ಡದು ಅಂದ್ರೆ ದೊಡ್ಡದೋ, ಸಣ್ಣದೋ?"

"ಸಣ್ಣ ದೊಡ್ಡದು ಸಾರ್."

ನಾನು ಗೋಡೆ ಹಿಡಿದುಕೊಂಡೆ. ಮನೆಗೆ ಬಂದು ಹೆಂಡತಿಗೆ ಇದನ್ನೇ ವಿವರಿಸಹೋಗಿ, ನಡುವೆ ಎಲ್ಲಿ ದೊಡ್ಡದು ಸಣ್ಣದಾಯಿತೋ ತಿಳಿಯದೆ ಬೆವರಿದೆ.

"ಅದಿರ್ಲಿ, ಈಗ ಗಾಡೀಲಿ ಇರೋದು ಯಾವುದ್ರೀ?" ಎಂದಳು.

ಆಹಾ, ಅದನ್ನೇ ನೋಡಿರಲಿಲ್ಲ! ಮೆಕ್ಯಾನಿಕ್ಕನನ್ನು ಕೇಳಿದರೆ ನನ್ನ ಘೋಷಣೆಯ ಗತಿಯೇನು? ನಾನೇ ಎಣಿಸಲು ಹೊರಟೆ. ಉಪಾಯ ಸುಲಭ. ಎಂಜಿನ್ನಿನ ಕಡೆಯಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಉದ್ದನೆಯ ದಂಡಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು. ಹಿಂದಿನ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ದಂಡ ಎಷ್ಟು ಸುತ್ತು ತಿರುಗುತ್ತದೋ ಅದೇ ನಂಬರು. ಜಾಕ್ ಕೊಟ್ಟು ಬಲಗಡೆಯ ಚಕ್ರವನ್ನು ಎತ್ತಿದೆ.

"ಆ ಕಡೆ ಚಕ್ರಾನೂ ಎತ್ತಬೇಡ್ವಾ?" ಎಂದಳು ಹೆಂಡತಿ.

"ಅದು ತನ್ನ ಪಾಡಿಗೆ ನೆಲದ ಮೇಲೆ ಕೂತಿದೆ. ಅದರ ತಂಟೆ ನಮಗ್ಯಾಕೆ? ನೀನು ಇದನ್ನ ತಿರುಗಿಸು!"

ಅವಳು ತಿರುಗಿಸಿದಳು. ನಾನು ನೆಲಕ್ಕೆ ಕೆನ್ನೆಯಿಟ್ಟು ಬಗ್ಗಿ ನೋಡಿದೆ. ದಂಡ ತಿರುಗಿದ್ದು ಎರಡೇ ಸುತ್ತು, ಮೇಲೊಂದು ಚೂರು! ಪಾಪದ ಗಾಡಿ, ಬರೀ ಎರಡರ ಗೇರಿನಲ್ಲಿ ಏರು ಹತ್ತುವುದಾದರೂ ಹೇಗೆ? ನಾಲ್ಕು ಪಾಯಿಂಟ್ ಒಂದು ಹಾಕಿಸಿದರೆ ಎಳೆತ ದುಪ್ಪಟ್ಟು! ಗೊಂದಲವೆಲ್ಲ ಹರಿಯಿತೆಂದು ಎದೆಯುಬ್ಬಿಸಿದೆ.

ಅದನ್ನೇ ತರಿಸಿಕೊಂಡ ಮೆಕ್ಯಾನಿಕ್ ಆಕ್ಸಲ್ಲು ಬಿಚ್ಚಿ, ಒಳಗೆ ನೋಡಿ, ತಲೆ ಕೆರೆದುಕೊಂಡ. "ಸಾರ್, ಇದರಲ್ಲಿ ಇರೋದು..."

"ಎರಡು! ನಾನೇ ಎಣಿಸಿದ್ದೀನಿ. ಮಾತಾಡದೆ ಹೊಸದು ಹಾಕು!"

ಮಾತಾಡದೆ ಹಾಕಿದ. ಹೊರಡುವಾಗ ಮಾತ್ರ, "ಹೊಸ ಗೇರು ಪಳಗೋ ತನಕ ಗಾಡೀನ ನಾಲ್ಕನೇ ಗೇರಿಗೆ ಹಾಕ್ಬೇಡಿ. ಏರಿನಲ್ಲಿ ಎರಡರಲ್ಲೇ ಹೋಗಿ," ಎಂದ. ನನಗೆ ಅವಮಾನವೆನಿಸಿತು. ಟರ್ಬೊ ಬಂದ ಮೇಲೆ ನಾನು ಮನೆಯ ಮುಂದಿನ ತಿರುವು ದಾಟುವ ಮೊದಲೇ ನಾಲ್ಕಕ್ಕೆ ಹಾಕುವವನು. ಆದರೂ ಮಾವನ ಭಯಕ್ಕೆ ಒಪ್ಪಿದೆ.

ಭಾನುವಾರ ಮಾವನನ್ನು ಪಕ್ಕದಲ್ಲೂ ಹೆಂಡತಿಯನ್ನು ಹಿಂದೆಯೂ ಕೂರಿಸಿಕೊಂಡು ಹೊರಟು, ಏರಿನಲ್ಲಿ ಎರಡನೇ ಗೇರಿಗೆ ಹಾಕಿದೆ. ಟರ್ಬೊ ಭುಸುಗುಟ್ಟಿತು. ಕಾರು ಒಂದೇ ಉಸಿರಿಗೆ ಮೇಲ್ಸೇತುವೆಯ ನೆತ್ತಿಯಲ್ಲಿತ್ತು!

"ನೋಡಿ ಮಾವ, ಗೇರು ಅಂದ್ರೆ ಇದು! ಎಳೆತ ದುಪ್ಪಟ್ಟು!"

"ಹೌದ್ರೀ, ಬೆನ್ನಿಗೇ ಗೊತ್ತಾಗ್ತಿದೆ!" ಎಂದು ಮಾವ ಸೀಟಿಗೊರಗಿ ಕಣ್ಣು ಮುಚ್ಚಿದರು.

ಮನೆ ಮುಟ್ಟಿದಾಗ ಮೆಕ್ಯಾನಿಕ್ ಬಾಗಿಲಲ್ಲಿ ನಿಂತಿದ್ದ. ಪೇಪರಿನಲ್ಲಿ ಸುತ್ತಿದ ಹಳೆಯ ಗೇರನ್ನು ಮೆಟ್ಟಿಲ ಮೇಲಿಟ್ಟ. "ಜೋಪಾನವಾಗಿ ಇಟ್ಕೊಳ್ಳಿ ಸಾರ್, ಇನ್ನೂ ಚೆನ್ನಾಗಿದೆ. ಇದೂ ನಾಲ್ಕು ಪಾಯಿಂಟ್ ಒಂದೇ."

"ಏನಂದೆ!"

"ಒಂದು ಚಕ್ರ ನೆಲದ ಮೇಲಿದ್ರೆ ಎತ್ತಿದ ಚಕ್ರ ಎರಡರಷ್ಟು ತಿರುಗುತ್ತೆ ಸಾರ್. ನಿಮಗೆ ಸಿಕ್ಕಿದ್ದು ಅರ್ಧ ಲೆಕ್ಕ. ಇದ್ದಿದ್ದನ್ನೇ ತೆಗೆದು ಇದ್ದಿದ್ದನ್ನೇ ಹಾಕ್ಸಿದ್ದೀರಿ. ಹೇಳೋಣ ಅಂದ್ರೆ ಬಿಡ್ಲಿಲ್ಲ."

ಪೇಪರು ಬಿಚ್ಚಿ ಗೇರನ್ನು ತಿರುಗಿಸಿ ನೋಡಿದೆ. "ಹಾಗಾದ್ರೆ ಇವತ್ತು ಏರು ಹತ್ತಿದ್ದು ಹೇಗೆ?"

"ಎರಡನೇ ಗೇರಲ್ಲಿ ಹೋದ್ರಿ, ಹತ್ತಿತು," ಎಂದಳು ಹೆಂಡತಿ. "ಇಷ್ಟು ದಿನ ನಾಲ್ಕರಲ್ಲಿ ಹೋಗ್ತಿದ್ರಿ. ಎಂಜಿನ್ ವೇಗ ಹಿಡಿದು ಟರ್ಬೊ ಏಳೋ ಮೊದಲೇ ಗಾಡಿ ಮಲಗ್ತಿತ್ತು!"

ಮಾವ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಆದ್ರೂ ಬೆನ್ನಿಗೆ ಗೊತ್ತಾಯ್ತಲ್ಲ..." ಎಂದು ಗೊಣಗಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ಇರ್ಲಿ, ಮಾತು ಅಂದ್ರೆ ಮಾತು. ಗಾಡಿ ಮಾರಲ್ಲ. ನಡೀರಿ, ನನ್ನನ್ನ ಮನೆಗೆ ಬಿಟ್ಟು ಬನ್ನಿ."

ಹೋದ ಜೀವ ಬಂದಿತು! ಓಡಿಹೋಗಿ ಡ್ರೈವರ್ ಕಡೆಯ ಬಾಗಿಲು ತೆಗೆದೆ. ಅಲ್ಲಿ ಆಗಲೇ ಹೆಂಡತಿ ಕುಳಿತು ಕನ್ನಡಿ ಸರಿಪಡಿಸಿಕೊಳ್ಳುತ್ತಿದ್ದಳು. ಸುತ್ತು ಹಾಕಿ ಪಕ್ಕದ ಸೀಟಿನ ಬಾಗಿಲಿಗೆ ಬಂದೆ. ಅಲ್ಲಿ ಮಾವ ಬೆಲ್ಟು ಹಾಕಿಕೊಳ್ಳುತ್ತಿದ್ದರು.

"ಮತ್ತೆ ನಾನು?"

"ನಿಮ್ಮ ಪರಿಣತಿ ಹಿಂದಿನ ಆಕ್ಸಲ್ಲಲ್ಲಿ ತಾನೇ ಅಳಿಯಂದ್ರೇ?" ಎಂದರು ಮಾವ. "ಹಿಂದಿನ ಸೀಟಿಗೆ ಹೋಗಿ, ಸರಿಯಾಗಿ ಅದರ ಮೇಲೇ ಕೂತ್ಕೊಳ್ಳಿ!"