ಭಾವನ ಅಮೆರಿಕದ ಎಂಎಲ್‌ಎ

ನಮ್ಮ ಭಾವ ಅಮೆರಿಕದಲ್ಲಿ ಒಬ್ಬ ಶಾಸಕನನ್ನು ಸಾಕಿಕೊಂಡಿದ್ದರು! ಜನ ನಾಯಿ ಸಾಕುತ್ತಾರೆ, ಗಿಳಿ ಸಾಕುತ್ತಾರೆ. ಒಮಾನಿನ ಬರ್ಕಾದಲ್ಲಿ ಕುಳಿತು ಶಾಸಕನನ್ನು ಸಾಕಿದವರನ್ನು ನೀವು ಕಂಡಿದ್ದೀರಾ?

ಆತ ಹಿಂದೆ ಭಾವನ ಕಂಪನಿಯಲ್ಲೇ ಎಂಜಿನಿಯರ್ ಆಗಿದ್ದವನು. ನಮ್ಮ ಅಕ್ಕ ಮಾಡಿದ ನೀರುದೋಸೆ, ಬಂಗುಡೆ ಸಾರು ತಿಂದು ಬೆರಳು ಚೀಪುತ್ತಿದ್ದ. ಅಮೆರಿಕದ ತನ್ನ ಊರಿಗೆ ಮರಳಿದವನು ಅಲ್ಲಿನ ರಾಜ್ಯದ ವಿಧಾನಸಭೆಗೆ ನಿಂತು ಗೆದ್ದ. ಅಂದಿನಿಂದ ಅವನು ಭಾವನಿಗೆ 'ನಮ್ಮ ಎಂಎಲ್‌ಎ'. ಮಗಳು ಯಾವ ಕ್ಲಾಸೆಂದು ಕೇಳಿದರೆ ತಡವರಿಸುವ ಈ ಮನುಷ್ಯ, ಆ ವಿಧಾನಸಭೆಯ ಶಿಕ್ಷಣ ಸಮಿತಿಯಲ್ಲಿ ಯಾರ್‍ಯಾರಿದ್ದಾರೆಂದು ನೀರು ಕುಡಿದಂತೆ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ ಅಲ್ಲಿ ಮೀನು ಹಿಡಿಯುವ ಲೈಸೆನ್ಸಿನ ಶುಲ್ಕ ಏರಿಸುವ ಮಸೂದೆ ಬಂತು. ಭಾವ ಅದನ್ನು ವಿರೋಧಿಸೆಂದು ಅವನಿಗೆ ಈಮೇಲ್ ಕಳಿಸಿದರು. ಅಷ್ಟಕ್ಕೇ ಬಿಟ್ಟರೆ? ಬರ್ಕಾದ ಮೀನು ಮಾರುಕಟ್ಟೆಯಲ್ಲಿ ನಿಂತು, ಒಬ್ಬ ಒಮಾನಿ ಮೀನುಗಾರನಿಗೆ ಅರ್ಧ ಹಿಂದಿ, ಅರ್ಧ ಅರಬ್ಬಿಯಲ್ಲಿ ಆ ಅನ್ಯಾಯವನ್ನು ವಿವರಿಸಿದರು. ಆ ಪುಣ್ಯಾತ್ಮ ಎಲ್ಲ ಕೇಳಿ, "ಖಲಾಸ್?" ಎಂದು ಮೀನು ತೂಗಿ ಕೊಟ್ಟ.

ಎರಡನೇ ಸಲ ಅವನು ಗೆದ್ದಾಗ ಬರ್ಕಾದಲ್ಲೇ ಇದ್ದ ನಮ್ಮ ಮನೆಗೂ ಪಾಯಸ ಬಂತು. ಆಮೇಲೆ ರಾಜ್ಯದ ಮೇಲ್ಮನೆಗೆ ನಿಂತ. ಮತದಾನದ ದಿನ ಹೋಗಿ ನೋಡುತ್ತೇನೆ, ಭಾವ ಆಫೀಸಿಗೆ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು, ಎಡಗೈಯ ತೋರುಬೆರಳಿಗೆ ಪೆನ್ನಿನಿಂದ ಗೆರೆ ಎಳೆದುಕೊಂಡು ಕುಳಿತಿದ್ದಾರೆ! ನನ್ನ ಪಿತ್ತ ನೆತ್ತಿಗೇರಿತು. ಮೊನ್ನೆ ಮೇ ತಿಂಗಳಲ್ಲಿ ಊರಿನಲ್ಲಿ ಚುನಾವಣೆ ನಡೆದಾಗ ರಜೆಯಲ್ಲಿ ಅಲ್ಲೇ ಇದ್ದವರು ಓಟು ಹಾಕದೆ ಬಂದಿದ್ದರು. ಇಲ್ಲಿ ಎಂಥ ನಾಟಕ ಎಂದು ಕೂಗಾಡಿದೆ.

ಭಾವ ಬೆರಳನ್ನೇ ನೋಡುತ್ತ ಹೇಳಿದರು: "ಹೋಗಿದ್ದೆ ಮಾರಾಯ. ಕ್ಯೂನಲ್ಲಿ ನಿಂತಿದ್ದೆ. ನೀವು ಗಲ್ಫಿನವರು, ಹೆಸರು ತೆಗೆದಾಗಿದೆ ಅಂದ್ರು. ಇಲ್ಲಿಯೂ ನಾವು ಹೊರಗಿನವರೇ ಅಲ್ವಾ? ಇವನಾದ್ರೆ ನಾನು ಬರೆದದ್ದಕ್ಕೆ ಎರಡು ಸಾಲು ಉತ್ತರ ಬರೀತಾನೆ. ನನಗೂ ಒಬ್ಬ ಎಂಎಲ್‌ಎ ಬೇಡ್ವಾ?"

ಊರಿನ ಮತದಾರರ ಪಟ್ಟಿಯಲ್ಲಿ ನನ್ನ ಹೆಸರಾದರೂ ಎಲ್ಲಿ ಉಳಿದಿರುತ್ತದೆ?

ಮರುದಿನ ಬೆಳಿಗ್ಗೆ ಫಲಿತಾಂಶ ಬಂತು. ಅವನು ಸೋತಿದ್ದ. ಅಕ್ಕ ಇಟ್ಟ ಚಹಾ ತಣ್ಣಗಾಗಿತ್ತು. ಭಾವ ಎಂಜಲು ಹಚ್ಚಿ ಬೆರಳಿನ ಗೆರೆ ಉಜ್ಜುತ್ತಿದ್ದರು. ನೋಡಿ ನನಗೆ ಸಂಕಟವಾಯಿತು. ಮೇಜಿನ ಮೇಲಿದ್ದ ಪೆನ್ನನ್ನು ಅವರ ಕೈಗಿಟ್ಟು, ನನ್ನ ಎಡಗೈ ಚಾಚಿದೆ.

"ಎಂತದು?" ಎಂದರು.

"ನನಗೂ ಒಂದು ಗೆರೆ ಎಳೀರಿ ಭಾವ. ನನ್ನ ಓಟೂ ನಮ್ಮ ಎಂಎಲ್‌ಎಗೇ."