ಬಿಸಿನೀರು ಕೊಡದ ಸೋಲಾರು

ಸೋಲಾರ್ ಸೆಲ್ಲನ್ನೂ ಆಂಟೆನಾವನ್ನೂ ಊಟದ ತಟ್ಟೆಯಷ್ಟಗಲದ ಒಂದೇ ಪ್ಯಾನೆಲ್ಲಿನಲ್ಲಿ ಸೇರಿಸುವ ಕೆಲಸ ನನ್ನದು. ಇದೇನೆಂದು ಯಾರಿಗೆ ವಿವರಿಸಲು ಹೋದರೂ ಕೊನೆಗೆ ತಲೆ ಕೆಡುವುದು ನನಗೇ.

೧. ಒಪ್ಪಿಗೆ

ಪರೀಕ್ಷೆ ಮಾಡಲು ತಾರಸಿ ಬೇಕಿತ್ತು. ಹೂಡಿ ಬಡಾವಣೆಯಲ್ಲಿ ನಾನು ಬಾಡಿಗೆಗಿರುವ ಮನೆಯ ಓನರ್ ಅಜ್ಜಿಯನ್ನು ಕೇಳಿದೆ.

"ಅಜ್ಜಿ, ನೀರಿನ ಟ್ಯಾಂಕ್ ಮೇಲೆ ಒಂದು ಸಣ್ಣ ಸೋಲಾರ್ ಇಡ್ತೀನಿ."

"ಇಡಪ್ಪ. ಬಿಸಿನೀರು ನಮ್ಗೂ ಬತ್ತದಾ?"

"ಬಿಸಿನೀರು ಬರಲ್ಲ ಅಜ್ಜಿ. ಇದು ಆಂಟೆನಾನೂ ಹೌದು. ಟ್ಯಾಂಕಲ್ಲಿ ಎಷ್ಟು ನೀರಿದೆ ಅಂತ ಮೊಬೈಲ್‌ಗೆ ಹೇಳುತ್ತೆ."

"ಓ, ಆಂಟೆನಾನಾ? ಅಂಗಾದ್ರೆ ಸೀರಿಯಲ್ ಬತ್ತದೆ."

"ಅದೂ ಬರಲ್ಲ."

ಅಜ್ಜಿ ನನ್ನನ್ನು ಮರುಕದಿಂದ ನೋಡಿದರು. "ಓಗ್ಲಿ ಬುಡು, ನಿಧಾನಕ್ಕೆ ಕಲ್ತ್ಕಂತೀಯ."

೨. ದಿಕ್ಕು

ನಮ್ಮ ಆಫೀಸಿನಲ್ಲಿ ಸೋಲಾರಿಗೆ ಒಬ್ಬರು, ಆಂಟೆನಾಕ್ಕೆ ಇನ್ನೊಬ್ಬರು. "ದಕ್ಷಿಣಕ್ಕೆ ತಿರುಗಿಸು, ಬಿಸಿಲು ಆ ಕಡೆ" ಎಂದರು ಸೋಲಾರಿನವರು. "ಉತ್ತರಕ್ಕೆ ತಿರುಗಿಸು, ಟವರ್ ಆ ಕಡೆ" ಎಂದರು ಆಂಟೆನಾದವರು. ಇಬ್ಬರದ್ದೂ ಸರಿ, ಆದರೆ ಪ್ಯಾನೆಲ್ ಒಂದೇ! ಬಾಸ್ ಹತ್ತಿರ ಹೋದೆ.

ಅವರು ಬಹಳ ಹೊತ್ತು ಯೋಚಿಸಿದರು. "ಪೂರ್ವಕ್ಕಿಡು. ವಾಸ್ತುಗೂ ಒಳ್ಳೇದು, ಇಬ್ರಿಗೂ ಬೇಜಾರಾಗಲ್ಲ."

ಇಟ್ಟೆ. ಕೆಲಸ ಮಾಡಿತು. ಯಾಕೆ ಮಾಡಿತೆಂದು ನಮಗಾರಿಗೂ ಇವತ್ತಿಗೂ ಗೊತ್ತಿಲ್ಲ.

೩. ಪೂಜೆ

ಪೀಣ್ಯದ ಫ್ಯಾಕ್ಟರಿ ಮಾಲೀಕರೊಬ್ಬರು ಪ್ಯಾನೆಲ್ ನೋಡಲು ಬರುವವರಿದ್ದರು. ಅವರ ಆರ್ಡರ್ ಸಿಗದಿದ್ದರೆ ನಮ್ಮ ವಿಭಾಗವನ್ನೇ ಮುಚ್ಚುವುದಾಗಿ ಬಾಸ್ ಹೇಳಿದ್ದರು.

ಮಾಲೀಕರು ಬಂದದ್ದು ಆಯುಧಪೂಜೆಯ ಮಾರನೇ ದಿನ. ಬೆಳಗಿನಿಂದ ಮೊಬೈಲಿಗೆ ಟ್ಯಾಂಕಿನ ಸುದ್ದಿಯೇ ಇಲ್ಲ. ಎಲ್ಲರೂ ತಾರಸಿಯ ಮೆಟ್ಟಿಲು ಹತ್ತುವಾಗಲೇ "ಸೋಲಾರ್ ಕೆಟ್ಟಿದೆ" ಎಂದರು ಆಂಟೆನಾದವರು. "ಆಂಟೆನಾ ಕೆಟ್ಟಿದೆ" ಎಂದರು ಸೋಲಾರಿನವರು.

ಮೇಲೆ ಹೋಗಿ ನೋಡಿದರೆ ಪ್ಯಾನೆಲ್ಲೇ ಕಾಣುತ್ತಿಲ್ಲ. ಮೈತುಂಬ ವಿಭೂತಿ, ಅಂಗೈಯಗಲ ಕುಂಕುಮ, ಅದರ ಮೇಲೆ ಚೆಂಡುಹೂವಿನ ದಪ್ಪ ಹಾರ.

"ಸ್ಕೂಟ್ರು, ಮೋಟ್ರು ಎಲ್ಲಾಕೂ ಪೂಜೆ ಮಾಡ್ದೆ. ಇದೊಂದ್ನ ಬುಡಕಾಯ್ತದಾ?" ಎಂದರು ಅಜ್ಜಿ.

ಮಾಲೀಕರು ಚಪ್ಪಲಿ ಬಿಟ್ಟು ಕೈಮುಗಿದರು. ಹಾರ ತೆಗೆದು, ಕರ್ಚೀಫಿನಿಂದ ಮೆಲ್ಲಗೆ ಒರೆಸಿದರು. ಸ್ವಲ್ಪ ಹೊತ್ತಿಗೆ ನನ್ನ ಮೊಬೈಲು ಟಿಣ್ ಎಂದಿತು: ಟ್ಯಾಂಕ್ ಅರ್ಧ ತುಂಬಿದೆ. ನನಗೆ ಅಳುವೇ ಬಂತು.

"ಸಕ್ಕತ್ತಾಗಿದೆ ಕಣ್ರೀ, ಆರ್ಡರ್ ಕೊಡ್ತೀನಿ" ಎಂದರು ಮಾಲೀಕರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಒಂದೇ ಡೌಟು. ಇದ್ರಲ್ಲಿ ಬಿಸಿನೀರು ಯಾವ ಪೈಪಲ್ಲಿ ಬರುತ್ತೆ?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಧೈರ್ಯ ಹೇಳಿದರು: "ಬತ್ತದೆ ಸಾ! ಉಡುಗ ಇನ್ನೂ ಕಲೀತಾವ್ನೆ."